ಹಸು ಕೊಳ್ಳುವ ಮೊದಲು

ಜಮೀನಿಲ್ಲದವರು ಕೃಷಿಗೆ ಇಳಿಯಬಹುದೇ? ಹೈನುಗಾರಿಕೆ, ಅಣಬೆ ಬೇಸಾಯಕ್ಕೆ ಹೆಚ್ಚು ಜಾಗ ಬೇಡ, ಕಲಿಕೆ ಬೇಕು. ಗ್ರಾಮೀಣ ಯುವಕ ಯುವತಿಯರಿಗೆ ಇಂಥದ್ದನ್ನು ಉಚಿತವಾಗಿ ಕಲಿಸುವ ರುಡ್‌ಸೆಟ್ ಸಂಸ್ಥೆ 1982ರಲ್ಲಿ ಉಜಿರೆಯಲ್ಲಿ ಆರಂಭವಾಯಿತು. ಅದೇ ಮಾದರಿಯಲ್ಲಿ ಈಗ ಬ್ಯಾಂಕುಗಳು ಬೇರೆ ಬೇರೆ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳನ್ನು ನಡೆಸುತ್ತಿವೆ. ಊಟ, ವಸತಿಯೂ ಉಚಿತ. ಹಸು ಸಾಕುವುದರ ಜೊತೆಗೆ ಲೆಕ್ಕ ಬರೆಯುವುದನ್ನೂ, ಬ್ಯಾಂಕಿಗೆ ಯೋಜನಾ ವರದಿ ತಯಾರಿಸುವುದನ್ನೂ ಹೇಳಿಕೊಡುತ್ತಾರೆ. ಆಮೇಲೆ ಎರಡು ವರ್ಷ ವಿಚಾರಿಸುತ್ತಾ, ಸಾಲ ಪಡೆಯಲು ನೆರವಾಗುತ್ತಾರೆ.

ನಮಗೂ ಜಮೀನಿಲ್ಲ. "ಸಾಲ ತೀರಿಸೋದು ಯಾರು ಬೇಟಾ?" ಎಂದು ಅಬ್ಬಾ ಕೇಳುತ್ತಾರೆ. ಪ್ರಶ್ನೆ ಸರಿಯೇ. ಕರು ಹಾಕುವ ಮೊದಲು ಸುಮಾರು ಎರಡು ತಿಂಗಳು ಹಸು ಹಾಲು ಕೊಡುವುದಿಲ್ಲ. ಮೇವಿನ ಖರ್ಚು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಆ ತಿಂಗಳುಗಳನ್ನೂ ಲೆಕ್ಕಕ್ಕೆ ಹಿಡಿದೇ ಹಸು ಕೊಳ್ಳಬೇಕು.

ತರಬೇತಿಗೆ ಸೇರಲು 18 ವರ್ಷ ತುಂಬಿರಬೇಕು. ನನಗೆ ಇನ್ನೂ 17. ಲೆಕ್ಕ ಹಾಕಲು ಸಮಯವಿದೆ.