ಇನ್ಸುಲಿನ್ ಮತ್ತು ವಿಶ್ವವಿದ್ಯಾನಿಲಯದ ಹಕ್ಕು

ಕೆನಡದ ಟೊರಾಂಟೊ ವಿಶ್ವವಿದ್ಯಾನಿಲಯವು 1923ರ ಜನವರಿಯಲ್ಲಿ ಇನ್ಸುಲಿನ್ನಿನ ಪೇಟೆಂಟು ಹಕ್ಕನ್ನು ಮೂವರು ಸಂಶೋಧಕರಿಂದ ತಲಾ ಒಂದು ಡಾಲರಿಗೆ ಪಡೆದುಕೊಂಡಿತೆಂಬುದನ್ನು ತ್ಯಾಗದ ದೃಷ್ಟಾಂತವಾಗಿ ಹೇಳುವುದು ವಾಡಿಕೆ. ತ್ಯಾಗವಿದ್ದುದು ನಿಜ. ಆದರೆ ಲಾಭವನ್ನು ಬಯಸದವರಿಗೆ ಪೇಟೆಂಟಾದರೂ ಏತಕ್ಕೆ ಬೇಕಾಯಿತು ಎಂದು ಕೇಳುವವರು ವಿರಳ.

ಇದಕ್ಕೆ ಉತ್ತರವು ಔಷಧದ ತಯಾರಿಕೆಯ ಕಷ್ಟದಲ್ಲಿದೆ. ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಪ್ರಾಧ್ಯಾಪಕ ಮೆಕ್ಲಾಯ್ಡರ ಪ್ರಯೋಗಶಾಲೆಯಲ್ಲಿ 1921ರ ಮೇ ತಿಂಗಳಿನಲ್ಲಿ ಕಾರ್ಯಾರಂಭ ಮಾಡಿದರು. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಸಾರವನ್ನು 1922ರ ಜನವರಿ 11ರಂದು ಲೆನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನಿಗೆ ಚುಚ್ಚಿದಾಗ ಹೇಳಿಕೊಳ್ಳುವಂತಹ ಗುಣವೇನೂ ಕಾಣಲಿಲ್ಲ. ಕಾಲಿಪ್ ಅವರು ಶುದ್ಧಿಗೊಳಿಸಿದ ಸಾರವನ್ನು ಅದೇ ತಿಂಗಳ 23ರಿಂದ ಕೊಡಲಾಗಿ ಬಾಲಕನು ಚೇತರಿಸಿಕೊಂಡನು. ಉಪವಾಸಪ್ರಾಯವಾದ ಪಥ್ಯವೊಂದೇ ಗತಿಯಾಗಿದ್ದ ರೋಗಿಗಳಿಗೆ ಇದು ಎಂತಹ ವಾರ್ತೆಯಾಗಿದ್ದಿರಬೇಕು! ಆದರೆ ಹೆಚ್ಚಿನ ಪ್ರಮಾಣದಲ್ಲಿ ತಯಾರಿಸಹೊರಟೊಡನೆ ವಿಧಾನವು ಕೈಕೊಟ್ಟಿತು; ಆ ವಸಂತದಲ್ಲಿ ಕೆಲಕಾಲ ಸತ್ತ್ವವುಳ್ಳ ಸಾರವನ್ನು ಪಡೆಯಲು ಕಾಲಿಪರಿಗೇ ಸಾಧ್ಯವಾಗದೆ ಹೋಯಿತು.

ಆದುದರಿಂದಲೇ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ಎಲೈ ಲಿಲ್ಲಿ ಕಂಪನಿಯೊಡನೆ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಅಲ್ಲಿಯ ಹಕ್ಕು ಕಂಪನಿಗೆ ಮಾತ್ರ. ಅನಂತರ ಇತರರಿಗೂ ಪರವಾನಗಿ. ದ್ರಾವಣದ ಆಮ್ಲತೆಯನ್ನು ಒಂದು ನಿರ್ದಿಷ್ಟ ಮಟ್ಟಕ್ಕೆ ತಂದರೆ ಇನ್ಸುಲಿನ್ ಕರಗಿರಲಾರದೆ ತಳಕ್ಕಿಳಿಯುವುದೆಂಬುದನ್ನು ಕಂಪನಿಯ ವಾಲ್ಡನ್ ಕಂಡುಕೊಂಡ ಮೇಲೆ ತಯಾರಿಕೆಯು ಸುಗಮವಾಯಿತು. ಇದಕ್ಕೆ ಕಂಪನಿಯು ತಾನೇ ಪೇಟೆಂಟು ಬೇಡಿದಾಗ ಟೊರಾಂಟೊದವರಿಗೆ ಆತಂಕವಾದುದು ಸಹಜ. ಅದೇ ಉಪಾಯವನ್ನು ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರೂ ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಕೊನೆಗೆ ಇತರ ತಯಾರಕರಿಗೆ ದಾರಿ ಮುಚ್ಚಲಿಲ್ಲ. ವಿಶ್ವವಿದ್ಯಾನಿಲಯದ ಕೈಯಲ್ಲಿ ಪೇಟೆಂಟು ಇಲ್ಲದಿದ್ದಲ್ಲಿ ಇಂತಹ ಮಾತುಕತೆಗೆ ಆಧಾರವೇ ಇರುತ್ತಿರಲಿಲ್ಲ. ಔಷಧದ ಸತ್ತ್ವವನ್ನು ಮಾರಾಟಕ್ಕೆ ಮುನ್ನ ಪರೀಕ್ಷಿಸಿ ನೋಡುವ ಅಧಿಕಾರವೂ ಅದರ ಇನ್ಸುಲಿನ್ ಸಮಿತಿಗೆ ಈ ಹಕ್ಕಿನ ಮೂಲಕವೇ ದೊರೆಯಿತು.

ಮುಂದಿನ ತಲೆಮಾರಿನಲ್ಲಿ ಹಕ್ಕಿನ ಅರ್ಥವೇ ಬೇರೆಯಾಯಿತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದವರು 1977ರಲ್ಲಿ ಇಲಿಯ ಇನ್ಸುಲಿನ್ ಜೀನನ್ನು ಪ್ರತ್ಯೇಕಿಸಿದರು. ಮರುವರ್ಷ ಜೆನೆನ್‌ಟೆಕ್ ಮತ್ತು ಸಿಟಿ ಆಫ್ ಹೋಪ್ ಸಂಸ್ಥೆಗಳ ಶಾಸ್ತ್ರಜ್ಞರು ಬ್ಯಾಕ್ಟೀರಿಯದಲ್ಲಿ ಮಾನವ ಇನ್ಸುಲಿನ್ನನ್ನು ಪಡೆದರು. ಲಿಲ್ಲಿ ಕಂಪನಿಯ ಆ ಔಷಧಕ್ಕೆ 1982ರಲ್ಲಿ ಅನುಮತಿ ದೊರೆಯಿತು. ಇಷ್ಟರಲ್ಲಿ, ಸರಕಾರದ ಧನಸಹಾಯದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾನಿಲಯಗಳೇ ಇಟ್ಟುಕೊಳ್ಳಬಹುದೆಂದು 1980ರ ಬೇ-ಡೋಲ್ ಶಾಸನವು ಅಮೆರಿಕದಲ್ಲಿ ವಿಧಿಸಿತ್ತು. 1990ರಲ್ಲಿ ಕ್ಯಾಲಿಫೋರ್ನಿಯದವರು ಲಿಲ್ಲಿಯ ಮೇಲೆ ದಾವೆ ಹೂಡಿದರು. ಇಲಿಯ ಜೀನನ್ನು ವರ್ಣಿಸಿದ ಮಾತ್ರಕ್ಕೆ ಮಾನವನ ಜೀನನ್ನು ವರ್ಣಿಸಿದಂತಾಗದೆಂದು ಮೇಲ್ಮನವಿಯ ನ್ಯಾಯಾಲಯವು 1997ರಲ್ಲಿ ತೀರ್ಪಿತ್ತು ಆ ದಾವೆಯನ್ನು ಎತ್ತಿಹಿಡಿಯಲಿಲ್ಲ.