ಪ್ಲಂಬರನ ಫೋನು ಎತ್ತುವವರು ಯಾರು?

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನಮ್ಮ ಮನೆಯ ಸ್ನಾನದ ಕೋಣೆಯ ಗೋಡೆಯೊಳಗೆ ಪೈಪು ಒಡೆಯಿತು. ಪತ್ನಿ ಮಗಳ ಊರಿಗೆ ಹೋಗಿದ್ದಳು. ಹದಿನೈದು ವರ್ಷಗಳಿಂದ ಪರಿಚಿತನಾದ ಪ್ಲಂಬರನಿಗೆ ಹನ್ನೊಂದು ಬಾರಿ ಫೋನು ಮಾಡಿದೆ, ಉತ್ತರವಿಲ್ಲ. ತಾರಸಿಯ ಮೇಲಿನ ಸಾವಿರ ಲೀಟರಿನ ತೊಟ್ಟಿ ಬರಿದಾಗುವವರೆಗೂ ನೀರು ಹರಿಯಿತು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ಕುಳಿತ ಬೆಂಗಳೂರಿನವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಸಂಜೆ ಬಂದವನನ್ನು ‘ಏನಪ್ಪಾ, ಫೋನೇ ಎತ್ತಲಿಲ್ಲವಲ್ಲ’ ಎಂದು ಆಕ್ಷೇಪಿಸಿದೆ. ‘ಸಿಂಕಿನ ಕೆಳಗೆ ಮಲಗಿದ್ದೆ ಸಾರ್. ಒದ್ದೆ ಕೈಯಲ್ಲಿ ಎಷ್ಟು ಜನರ ಫೋನು ಎತ್ತಲಿ?’ ಎಂದ. ಹಿಂದೆ ಈ ತೊಂದರೆ ಇರಲಿಲ್ಲ. ಅವನ ಹೆಂಡತಿ ಅಡುಗೆಮನೆಯಿಂದಲೇ ಫೋನು ಎತ್ತಿ, ಕ್ಯಾಲೆಂಡರಿನ ಅಂಚಿನಲ್ಲಿ ವಿಳಾಸ ಬರೆದು, ಯಾರಿಂದ ಎಷ್ಟು ಬಾಕಿ ಬರಬೇಕೆಂಬುದನ್ನೂ ನೆನಪಿಸುತ್ತಿದ್ದಳು. ಆಕೆ ಗಾರ್ಮೆಂಟ್ಸ್ ಕಾರ್ಖಾನೆಗೆ ಸೇರಿದ ಮೇಲೆ, ಕೆಲಸದಲ್ಲಿ ಯಾವ ಲೋಪವೂ ಇಲ್ಲದೆಯೇ ಗಿರಾಕಿಗಳು ಕಳಚಿಕೊಳ್ಳತೊಡಗಿದ್ದರು. ಇಬ್ಬರು ಹುಡುಗರಿಗೆ ಸಂಬಳ ಕೊಡಬೇಕಾದವನಿಗೆ ಇದು ಸಣ್ಣ ಸಂಗತಿಯಲ್ಲ.

ಉದ್ಯೋಗ ಸಮೀಕ್ಷೆಗಳಲ್ಲಿ ಇಂಥವರನ್ನು ‘ಕುಟುಂಬದ ಉದ್ಯಮದ ಸಹಾಯಕರು’ ಎಂದು ಗುರುತಿಸುತ್ತಾರೆ. ದುಡಿಯುವವರ ಲೆಕ್ಕದಲ್ಲಿ ಅವರಿದ್ದಾರೆ, ಸಂಬಳದ ಲೆಕ್ಕದಲ್ಲಿಲ್ಲ. ವರ್ಷಗಟ್ಟಲೆ ಆ ಅಂಕಣಗಳನ್ನು ಓದಿದ ನನಗೂ ಅದರ ಹಿಂದೆ ಒಂದು ಕ್ಯಾಲೆಂಡರು ತೂಗುತ್ತಿರುತ್ತದೆ ಎಂದು ಹೊಳೆದಿರಲಿಲ್ಲ.

ಕೊನೆಗೆ ಆತ ‘ವರ್ಚುವಲ್ ಅಸಿಸ್ಟೆಂಟ್’ ಒಬ್ಬರನ್ನು ನೇಮಿಸಿಕೊಳ್ಳಲು ನಿರ್ಧರಿಸಿದ. ತಮ್ಮ ಮನೆಯಲ್ಲಿಯೇ ಕುಳಿತು, ದೂರದಿಂದಲೇ ಫೋನು, ಲೆಕ್ಕ, ಕೆಲಸದ ವೇಳಾಪಟ್ಟಿ ನೋಡಿಕೊಳ್ಳುವವರಿಗೆ ಈಗ ಈ ಹೆಸರು. ಹಾರ್ಡ್‌ವೇರ್ ಅಂಗಡಿಯವರ ಪರಿಚಯದಿಂದ ತಿಪಟೂರಿನ ಬಿ.ಕಾಂ. ಪದವೀಧರೆಯೊಬ್ಬರು ಸಿಕ್ಕರು. ಮದುವೆಗೆ ಮುನ್ನ ಬೆಂಗಳೂರಿನ ಕಾಲ್ ಸೆಂಟರಿನಲ್ಲಿದ್ದವರು. ಈಗ ಮನೆಯಲ್ಲಿ ಚಿಕ್ಕ ಮಗುವಿದೆ. ದಿನಕ್ಕೆ ನಾಲ್ಕು ಗಂಟೆ ಕೆಲಸ, ತಿಂಗಳಿಗೆ ಹತ್ತು ಸಾವಿರ ರೂಪಾಯಿ.

ವಿಡಿಯೊ ಕರೆಯಲ್ಲಿ ನಡೆದ ಸಂದರ್ಶನಕ್ಕೆ ನನ್ನನ್ನೂ ಕೂರಿಸಿದ. ಸೇವೆಯಲ್ಲಿದ್ದಾಗ ಹಲವು ನೇಮಕಾತಿ ಸಮಿತಿಗಳಲ್ಲಿ ಕುಳಿತ ನಾನು ಕಂಪ್ಯೂಟರ್ ಜ್ಞಾನ, ಇಂಗ್ಲಿಷ್, ಅನುಭವ ಎಂದು ಕೇಳಿದೆ. ಆತ ಕೇಳಿದ್ದು ಒಂದೇ ಪ್ರಶ್ನೆ: ‘ಅಜ್ಜಿಯೊಬ್ಬರು ಫೋನ್ ಮಾಡಿ ಗೋಡೆಯಿಂದ ನೀರು ಬರ್ತಿದೆ ಅಂದರೆ ಮೊದಲು ಏನು ಕೇಳ್ತೀಯಮ್ಮಾ?’ ಆಕೆ ಕ್ಷಣ ಯೋಚಿಸಿ, ‘ಮನೇಲಿ ಅವರೊಬ್ಬರೇ ಇದಾರಾ ಅಂತ ಕೇಳ್ತೀನಿ ಅಣ್ಣಾ’ ಎಂದರು. ನೇಮಕ ಅಲ್ಲಿಗೇ ಆಯಿತು.

ಉಳಿದದ್ದನ್ನು ಆತ ಕಲಿಸಿದ. ನೀರು ಸೋರುತ್ತಿದ್ದರೆ ಮೊದಲು ಗೇಟ್ ವಾಲ್ವ್ ಮುಚ್ಚಿಸಬೇಕು. ಸ್ವಿಚ್ ಬೋರ್ಡಿನ ಹತ್ತಿರ ಒದ್ದೆಯಾಗಿದ್ದರೆ ಯಾರೂ ಅದನ್ನು ಮುಟ್ಟದಂತೆ ಎಚ್ಚರಿಸಬೇಕು. ಪೈಪು ಹಳೆಯ ಜಿಐ ಕಬ್ಬಿಣದ್ದೋ ಹೊಸ ಸಿಪಿವಿಸಿಯೋ ಎಂದು ಕೇಳಬೇಕು. ತಿಳಿಯದಿದ್ದರೆ ವಾಟ್ಸ್ಆ್ಯಪಿನಲ್ಲಿ ಚಿತ್ರ ತರಿಸಬೇಕು. ಹೀಗೆ ಮಾಡಿದರೆ ಬೇಕಾದ ಸಾಮಾನನ್ನು ಮೊದಲೇ ಕೊಂಡೊಯ್ಯಬಹುದು; ಒಂದು ಎಲ್ಬೋಗಾಗಿ ನಡುವೆ ಅಂಗಡಿಗೆ ಓಡುವುದು ತಪ್ಪುತ್ತದೆ. ಆಕೆ ತಮ್ಮ ಮನೆಯ ತಾರಸಿ ಹತ್ತಿ ವಾಲ್ವ್‌ಗಳನ್ನು ನೋಡಿ ಬಂದರಂತೆ.

ತಪ್ಪುಗಳೂ ಆದವು. ಮೊದಲ ವಾರ ಯಲಹಂಕಕ್ಕೆ ಹತ್ತು ಗಂಟೆ, ಬನಶಂಕರಿಗೆ ಹನ್ನೊಂದು ಗಂಟೆ ಎಂದು ಸಮಯ ಕೊಟ್ಟುಬಿಟ್ಟರು. ತಿಪಟೂರಿನಲ್ಲಿ ಒಂದು ಗಂಟೆಯಲ್ಲಿ ಎರಡು ಸಲ ಊರು ಸುತ್ತಿ ಬರಬಹುದು. ಅಂದು ಗಿರಾಕಿಯ ಬೈಗುಳ ಕೇಳಿದವರು ಆಕೆಯೇ. ಅನಂತರ ಬಡಾವಣೆಗಳ ಪ್ರಕಾರ ದಿನಗಳನ್ನು ಹಂಚಿ ಪಟ್ಟಿ ತಯಾರಿಸಿದವರೂ ಆಕೆಯೇ.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲಿ ಸರಳವಾದ ಪ್ರಶ್ನೆಯೊಂದನ್ನು ಎತ್ತಿದ್ದರು: ಪ್ರತಿಯೊಂದನ್ನೂ ಮಾರುಕಟ್ಟೆಯಿಂದಲೇ ಪಡೆಯಬಹುದಾದರೆ ಸಂಸ್ಥೆಗಳು ಏಕೆ ಬೇಕು? ಹುಡುಕುವುದಕ್ಕೆ, ಚೌಕಾಸಿಗೆ, ಒಪ್ಪಂದಕ್ಕೆ ವೆಚ್ಚವಾಗುತ್ತದೆ ಎಂಬುದು ಅವರ ಉತ್ತರ. ಅಗ್ಗವಾದ ಫೋನು ಮತ್ತು ಅಂತರ್ಜಾಲ ಈ ವೆಚ್ಚವನ್ನು ಇಳಿಸಿವೆ. ದೊಡ್ಡ ಕಂಪನಿಗಳಿಗೆ ಮಾತ್ರ ಎಟಕುತ್ತಿದ್ದ ಕಚೇರಿ ಇಂದು ಸ್ಕೂಟರಿನಲ್ಲಿ ರೆಂಚು ಇಟ್ಟುಕೊಂಡು ತಿರುಗುವವನಿಗೂ ಎಟಕುತ್ತದೆ.

ಆದರೆ ವೆಚ್ಚ ಇಳಿಯುವಾಗ ಅದು ಯಾರ ಹೆಗಲಿಗೆ ಸರಿಯುತ್ತದೆ ಎಂಬುದನ್ನೂ ನೋಡಬೇಕು. ರಾಜ್ಯವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ಮಾಡಿದ್ದು ಸ್ವಾಗತಾರ್ಹ. ಆದರೆ ಅದು ಆ್ಯಪ್ ಕಂಪನಿಗಳ ಮೂಲಕ ದುಡಿಯುವವರನ್ನು ಉದ್ದೇಶಿಸಿದ್ದು. ಪ್ಲಂಬರನೊಬ್ಬ ನೇರವಾಗಿ ನೇಮಿಸಿಕೊಂಡ ಸಹಾಯಕಿ ಅದರ ಪರಿಧಿಯಲ್ಲಿಲ್ಲ. ಇಂಥ ಸಂಬಂಧಗಳಲ್ಲಿ ಆಸರೆಯಾಗುವುದು ಇಬ್ಬರೂ ಬರೆದುಕೊಂಡ ಕಾಗದ.

ಆ ಕಾಗದವನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸರ್ಕಾರಿ ಆದೇಶಗಳನ್ನು ಬರೆದು ರೂಢಿಯಾದ ನನಗೆ ಒಂದೇ ಪುಟದಲ್ಲಿ ಮುಗಿಸುವುದು ಕಷ್ಟವಾಯಿತು. ಪ್ರತಿ ತಿಂಗಳು 5ರೊಳಗೆ ಸಂಬಳ, ವಾರಕ್ಕೊಂದು ರಜೆ. ವ್ಯವಹಾರಕ್ಕೆ ಪ್ರತ್ಯೇಕ ಸಿಮ್, ಅವಧಿ ಮುಗಿದ ಮೇಲೆ ಅದು ಬಂದ್. ಆಕೆಯ ಸ್ವಂತ ಸಂಖ್ಯೆ ಗಿರಾಕಿಗಳಿಗೆ ತಿಳಿಯಕೂಡದು. ಹಣ ನೇರವಾಗಿ ಮಾಲೀಕನ ಖಾತೆಗೇ ಹೋಗಬೇಕು. ಸ್ಥಳ ನೋಡದೆ ದುರಸ್ತಿಯ ದರ ಹೇಳಕೂಡದು. ಗಿರಾಕಿಗಳ ವಿಳಾಸವನ್ನು ಇನ್ನಾರಿಗೂ ಕೊಡಕೂಡದು. ಈ ಕೊನೆಯ ಅಂಶವನ್ನು ಲಘುವಾಗಿ ಎಣಿಸಬಾರದು. ಯಾರ ಮನೆಯಲ್ಲಿ ವೃದ್ಧರು ಒಬ್ಬರೇ ಇದ್ದಾರೆ, ಯಾವ ಮನೆ ಹಗಲೆಲ್ಲ ಬೀಗ ಹಾಕಿರುತ್ತದೆ ಎಂಬುದೆಲ್ಲ ಪ್ಲಂಬರನ ಫೋನಿನಲ್ಲಿರುತ್ತದೆ.

ಫೋನಿಗೆ ಯಂತ್ರವೇ ಉತ್ತರಿಸುವ ವ್ಯವಸ್ಥೆಯೂ ಇಂದು ಇದೆ. ಸಮಯ ಗೊತ್ತುಮಾಡಲು ಅದು ಸಾಕಾದೀತು. ಆದರೆ ಗಾಬರಿಯಾದ ಅಜ್ಜಿ ಹೇಳದೆ ಬಿಟ್ಟದ್ದನ್ನು ಊಹಿಸಿ ಕೇಳಲು ಮನುಷ್ಯರೇ ಬೇಕು ಎಂಬುದು ನಮ್ಮ ಪ್ಲಂಬರನ ಅಭಿಪ್ರಾಯ. ಸದ್ಯಕ್ಕೆ ನನ್ನದೂ ಅದೇ.

ಮೂವತ್ತು ವರ್ಷಕ್ಕೂ ಮಿಕ್ಕಿ ನನಗೆ ಆಪ್ತ ಸಹಾಯಕರಿದ್ದರು. ಅವರ ಶ್ರಮವನ್ನು ನನ್ನ ದಕ್ಷತೆಯೆಂದೇ ಭಾವಿಸಿದ್ದೆ. ನಿವೃತ್ತಿಯ ಮರುದಿನ ಒಂದು ದೂರವಾಣಿ ಸಂಖ್ಯೆ ಹುಡುಕಲು ತಡಕಾಡಿದಾಗಲಷ್ಟೇ ಸತ್ಯ ತಿಳಿದದ್ದು. ಸಹಾಯಕರ ಕೆಲಸಕ್ಕೆ ಬೆಲೆ ಕಟ್ಟುವುದು ನಾವು ಅದನ್ನು ಕಳೆದುಕೊಂಡ ಮೇಲೆಯೇ. ತಿಪಟೂರಿನ ಆಕೆಗೆ ಸಂದಾಯವಾಗುವ ಹತ್ತು ಸಾವಿರವು, ಪ್ಲಂಬರನ ಹೆಂಡತಿ ಅಷ್ಟು ವರ್ಷ ಬಿಡಿಗಾಸೂ ಇಲ್ಲದೆ ಮಾಡಿದ ಕೆಲಸದ ಬೆಲೆಯೂ ಹೌದು.

ಕಳೆದ ತಿಂಗಳು ಮತ್ತೆ ಪೈಪು ಸೋರಿತು. ಎರಡನೆಯ ರಿಂಗಿಗೇ ಫೋನು ಎತ್ತಿದ ಆಕೆ, ‘ಸಾರ್, ಮೊದಲು ಗೇಟ್ ವಾಲ್ವ್ ಮುಚ್ಚಿ. ಎಲ್ಲಿದೆ ಗೊತ್ತಾ?’ ಎಂದರು. ಇಪ್ಪತ್ತೆರಡು ವರ್ಷಗಳಿಂದ ಇದೇ ಮನೆಯಲ್ಲಿದ್ದರೂ ನನಗೆ ಗೊತ್ತಿರಲಿಲ್ಲ. ‘ತಾರಸಿಯಲ್ಲಿ, ತೊಟ್ಟಿಯ ಹಿಂದೆ’ ಎಂದು ಹೇಳಿ, ಹೋಗಿ ಮುಚ್ಚಿ ಬಂದವಳು ನನ್ನ ಪತ್ನಿ.