ಅಡುಗೆ ಬಲ್ಲವರಿಗೊಂದು ಬುತ್ತಿ: ಐಹೊಳೆ ದಾರಿಯ ಉಡುಗೊರೆಗಳು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಬಾದಾಮಿ, ಪಟ್ಟದಕಲ್ಲು, ಐಹೊಳೆಯ ದಾರಿ ಶಾಲಾ ಪ್ರವಾಸದ ಬಸ್ಸುಗಳಿಂದ, ಕ್ರಿಸ್‌ಮಸ್ ರಜೆಗೆ ಬೆಂಗಳೂರು, ಪುಣೆಯಿಂದ ಬಂದ ಕಾರುಗಳಿಂದ ತುಂಬಿಹೋಗುತ್ತದೆ. ದುರ್ಗದ ಗುಡಿ, ಲಾಡಖಾನ ಗುಡಿ, ರಾವಣಫಡಿ ನೋಡಿ, ಮೇಗುತಿ ಬೆಟ್ಟ ಹತ್ತಿ ಇಳಿದವರು ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಕರದಂಟು ಕಟ್ಟಿಸಿಕೊಳ್ಳುತ್ತಾರೆ. ಆಫೀಸಿನವರಿಗೆ ನಾಲ್ಕು ಡಬ್ಬಿ, ಬೀಗರಿಗೆ ಎರಡು, ಪಕ್ಕದ ಮನೆಗೆ ಒಂದು. ಅಮೀನಗಡದ ಕರದಂಟು ಯಾರ ಕೈಗಿತ್ತರೂ ಮರ್ಯಾದೆಯ ವಸ್ತುವೇ. ಆದರೆ ನಿಮ್ಮ ಪಟ್ಟಿಯಲ್ಲಿ ಅಡುಗೆಯನ್ನೇ ಪ್ರೀತಿಸುವವರೊಬ್ಬರು ಇದ್ದರೆ, ಒಗ್ಗರಣೆಯ ವಾಸನೆಯಿಂದಲೇ ಎಣ್ಣೆ ಯಾವುದೆಂದು ಹೇಳುವಂಥವರು ಇದ್ದರೆ, ಅವರಿಗಾಗಿ ಈ ಸೀಮೆಯಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲಲೇಬೇಕು.

ತಿನಿಸನ್ನು ಉಡುಗೊರೆಯಾಗಿ ಕೊಡುವುದರಲ್ಲಿ ಇಲ್ಲಿನ ಹೆಣ್ಣುಮಕ್ಕಳಿಗಿಂತ ದೊಡ್ಡ ಗುರುಗಳು ನಮಗೆ ಬೇಕಾಗಿಲ್ಲ. ನಾಗರಪಂಚಮಿ ಹತ್ತಿರ ಬಂದಾಗ ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಲ್ಲಿ ರೊಟ್ಟಿ ಪಂಚಮಿ ನಡೆಯುತ್ತದೆ. ಮನೆಯಿಂದ ಮನೆಗೆ ರೊಟ್ಟಿ, ಕಾಳುಪಲ್ಯ, ಚಟ್ನಿಗಳ ತಾಟು ಹೋಗುತ್ತದೆ, ಆ ಮನೆಯದು ಈ ಮನೆಗೆ ಬರುತ್ತದೆ. ತಾಟು ಬರಿದಾಗಿ ತಿರುಗಿ ಹೋಗಬಾರದು. ಪಂಚಮಿಗೆ ತವರಿಗೆ ಬಂದ ಮಗಳು ಗಂಡನ ಮನೆಗೆ ಹೊರಡುವಾಗ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು, ತಂಬಿಟ್ಟು ಬುಟ್ಟಿಯಲ್ಲಿ ಕೂರುತ್ತವೆ. ಆ ಬುತ್ತಿ ಕಟ್ಟುವ ತಾಯಿಯ ತಲೆಯಲ್ಲಿ ಮೂರು ಪ್ರಶ್ನೆಗಳಿರುತ್ತವೆ: ಅಲ್ಲಿ ಏನು ಸಿಗುವುದಿಲ್ಲ, ದಾರಿಯಲ್ಲಿ ಎಷ್ಟು ದಿನ ತಾಳುತ್ತದೆ, ಆ ಮನೆಯಲ್ಲಿ ಯಾರು ಯಾರು ತಿನ್ನುತ್ತಾರೆ. ಅಡುಗೆಪ್ರಿಯರಿಗೆ ಉಡುಗೊರೆ ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಗೊತ್ತಿಲ್ಲ.

ಕರದಂಟನ್ನೇ ಈ ಲೆಕ್ಕಕ್ಕೆ ಹಿಡಿಯೋಣ. ಮರದ ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆಗಳ ಜೊತೆ ಬೆಲ್ಲದ ಪಾಕದಲ್ಲಿ ಕೂಡಿಸುತ್ತಾರೆ. ಏಲಕ್ಕಿ, ಜಾಜಿಕಾಯಿ ಮೇಲಿನ ಪರಿಮಳಕ್ಕೆ. ಬಾಣಂತಿಗೆ ಕಟ್ಟುವ ಅಂಟಿನುಂಡಿಯ ಬಳಗವೇ ಇದು. ನೀರಿನ ಅಂಶ ಕಡಿಮೆಯಾದ್ದರಿಂದ ವಾರಗಟ್ಟಲೆ ಕೆಡುವುದಿಲ್ಲ, ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿದೆ. ತಿನ್ನುವವರಿಗೆ ಕರದಂಟು ಕೊಡಿ. ಮಾಡುವವರಿಗಾದರೆ ಅದರ ಸಾಮಾನನ್ನೇ ಕೊಡಿ: ಒಳ್ಳೆಯ ಅಂಟು ಕಾಲು ಕಿಲೋ, ಉತ್ತತ್ತಿ, ಗಟ್ಟಿ ಕೊಬ್ಬರಿ ಬಟ್ಟಲು, ಇದೇ ಜಿಲ್ಲೆಯ ಮಹಾಲಿಂಗಪುರದ ಬೆಲ್ಲದ ಒಂದು ಪೆಂಟಿ. ಜೊತೆಗೆ ಹೋಲಿಸಿ ನೋಡಲು ಅಂಗಡಿಯ ಕರದಂಟಿನ ನಾಲ್ಕು ತುಂಡು. ಅಂಟು ಸಣ್ಣ ಉರಿಯಲ್ಲಿ ಒಳಗಿನ ತನಕ ಅರಳಬೇಕು, ಇಲ್ಲವಾದರೆ ಹಲ್ಲಿಗೆ ಹತ್ತುತ್ತದೆ. ಪಾಕ ಒಂದು ಕ್ಷಣ ಮೀರಿದರೆ ಕಲ್ಲಾಗುತ್ತದೆ. ಇಂಥ ಸವಾಲು ಸಿಕ್ಕರೆ ಅಡುಗೆ ಬಲ್ಲವರು ಒಂದು ಭಾನುವಾರವನ್ನು ಸಂತೋಷದಿಂದ ಕೊಟ್ಟುಬಿಡುತ್ತಾರೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು. ದುಬೈನಲ್ಲಿರುವ ತಮ್ಮನಿಗೋ ಸಿಂಗಪುರದ ಮಗಳಿಗೋ ಕರದಂಟು ಕಳಿಸುವ ಮೊದಲು ಅದರಲ್ಲಿ ಗಸಗಸೆ ಇದೆಯೇ ಎಂದು ಕೇಳಿ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ. ನಮ್ಮ ಪಾಯಸದ ಸಾಮಾನು ಅಲ್ಲಿ ಮಾದಕ ವಸ್ತುವಿನ ಕಾಯ್ದೆಯಡಿ ಬರುತ್ತದೆ. ಆಸ್ಟ್ರೇಲಿಯಾಕ್ಕೆ ಹೋಗುವವರು ತುಪ್ಪ, ಕಾಳು, ಬೀಜ ಏನೇ ಇದ್ದರೂ ವಿಮಾನ ನಿಲ್ದಾಣದಲ್ಲಿ ತಾವಾಗಿಯೇ ಹೇಳಿಕೊಳ್ಳಬೇಕು, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಮನೆಯಲ್ಲಿ ಗೋಡಂಬಿ, ಶೇಂಗಾ ಒಗ್ಗದ ಮಗು ಇದೆಯೇ ಎಂದು ಒಂದು ಫೋನ್ ಮಾಡಿ ಕೇಳುವುದರಿಂದ ಉಡುಗೊರೆಯ ಗುಟ್ಟು ಒಡೆದರೂ ಚಿಂತೆಯಿಲ್ಲ.

ಇನ್ನು ಜೋಳ. ಮಲಪ್ರಭೆಯ ಆಚೀಚೆಯ ಎರೆಹೊಲಗಳಲ್ಲಿ ಹಿಂಗಾರಿನ ಬಿಳಿಜೋಳ ಬೆಳೆಯುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಜೋಳದ ಹಿಟ್ಟಿನ ಪಾಕೀಟುಗಳು ಸಾಲಾಗಿ ನಿಂತಿರುತ್ತವೆ, ಆದರೂ ರೊಟ್ಟಿ ಬಡಿಯಲು ಹೊರಟ ಎಷ್ಟೋ ಜನ ಹರಿದ ರೊಟ್ಟಿ ನೋಡಿ ಕೈ ಬಿಟ್ಟಿದ್ದಾರೆ. ಬಹಳ ಸಲ ತಪ್ಪು ಹಿಟ್ಟಿನದು. ಜೋಳದಲ್ಲಿ ಗೋಧಿಯಂತೆ ಹಿಡಿದಿಡುವ ಅಂಟಿನ ಅಂಶವಿಲ್ಲ. ಹೊಸದಾಗಿ ಬೀಸಿದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಾಗ ಬರುವ ಜಿಗಿಯೇ ಅದರ ಆಧಾರ. ಹಳೆಯ ಹಿಟ್ಟಿಗೆ ಆ ಜಿಗಿ ಇರುವುದಿಲ್ಲ, ರುಚಿಯೂ ಕಹಿಯ ಕಡೆಗೆ ತಿರುಗಿರುತ್ತದೆ. ಹಾಗಾಗಿ ಹಿಟ್ಟಿನ ಬದಲು ಐದು ಕಿಲೋ ಜೋಳವನ್ನೇ ಕೊಡಿ. ನಾಲ್ಕು ಒಣಗಿದ ಬೇವಿನೆಲೆ ಹಾಕಿ ಕಟ್ಟಿದರೆ ತಿಂಗಳುಗಟ್ಟಲೆ ಇರುತ್ತದೆ, ಬೇಕಾದಾಗ ಬೇಕಾದಷ್ಟೇ ಗಿರಣಿಗೆ ಹಾಕಿಸಿಕೊಳ್ಳಬಹುದು. ಜೋಳದ ಚೀಲವನ್ನು ಉಡುಗೊರೆ ಎಂದು ಕೊಡಲು ಸಂಕೋಚಪಡುವವರಿದ್ದಾರೆ. ಆ ಸಂಕೋಚ ಬೇಡ. ರೊಟ್ಟಿ ಕಲಿಯಬೇಕೆಂದು ಹಂಬಲಿಸುವವರ ಅಡುಗೆಮನೆಗೆ ಇದಕ್ಕಿಂತ ಬೆಲೆಯುಳ್ಳದ್ದು ಈ ಸೀಮೆಯಲ್ಲಿಲ್ಲ. ಜೊತೆಗೊಂದು ಕಬ್ಬಿಣದ ಹಂಚು, ಮೇದಾರರು ಹೆಣೆದ ಬಿದಿರಿನ ರೊಟ್ಟಿಬುಟ್ಟಿ, ಒಳಗೆ ಹಾಸಲು ಮೆತ್ತನೆಯ ಹತ್ತಿ ಬಟ್ಟೆ ಸೇರಿದರೆ ಪೂರ್ಣವಾಯಿತು.

ರೊಟ್ಟಿ ಬಡಿಯಲು ಪುರುಸೊತ್ತಿಲ್ಲದ, ತಿನ್ನಲು ಮಾತ್ರ ಆಸೆಯಿರುವವರಿಗೆ ಖಡಕ್ ರೊಟ್ಟಿ ಇದೆ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದ್ದು. ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳು ಈಗ ಇದನ್ನು ಎಲ್ಲೆಡೆ ಮಾಡುತ್ತವೆ. ಹೊರಗೆ ಗಟ್ಟಿ ಡಬ್ಬಿ ಇರಲಿ, ಇಲ್ಲವಾದರೆ ತಲುಪುವಷ್ಟರಲ್ಲಿ ಪುಡಿಯಾಗಿರುತ್ತದೆ.

ಚಟ್ನಿಪುಡಿಗಳ ವಿಚಾರದಲ್ಲಿ ನಾನು ಸ್ವಲ್ಪ ಹಟದವಳು. ಶೇಂಗಾ, ಅಗಸಿ, ಗುರೆಳ್ಳು ಮೂರೂ ಎಣ್ಣೆಕಾಳುಗಳು. ಹುರಿದು ಕುಟ್ಟಿದ ದಿನದಿಂದಲೇ ಅವುಗಳ ಎಣ್ಣೆಗೆ ಗಾಳಿ ತಾಗುತ್ತದೆ, ಕೆಲವೇ ವಾರಗಳಲ್ಲಿ ಕಮಟು ಹತ್ತುತ್ತದೆ. ಅಗಸಿ ಇವುಗಳಲ್ಲಿ ಬಲು ಸೂಕ್ಷ್ಮ. ಆದ್ದರಿಂದ ದೂರದವರಿಗೆ ದೊಡ್ಡ ಪಾಕೀಟು ಬೇಡ. ಇಡೀ ಅಗಸಿ, ಇಡೀ ಗುರೆಳ್ಳು, ಬ್ಯಾಡಗಿ ಮೆಣಸಿನಕಾಯಿ, ಗಾಣದ ಕುಸುಬಿ ಎಣ್ಣೆಯ ಸಣ್ಣ ಬಾಟಲಿ ಕೊಡಿ. ಅವರು ಹುರಿದು ಕುಟ್ಟಿ, ಬಿಸಿ ರೊಟ್ಟಿಯ ಮೇಲೆ ಹಾಕಿ, ಎಣ್ಣೆ ಬಿಟ್ಟುಕೊಂಡು ತಿನ್ನಲಿ. ಕೆಂಪುಖಾರ ಮಾತ್ರ ಇಲ್ಲಿಂದಲೇ ಹೋಗಬೇಕು. ಹಣ್ಣಾದ ಹಸಿ ಮೆಣಸಿನಕಾಯಿ ಸಂತೆಗೆ ಬರುವುದು ಚಳಿಗಾಲದಲ್ಲಿ. ಉಪ್ಪು, ಬೆಳ್ಳುಳ್ಳಿ, ಮೆಂತ್ಯ, ಹುಳಿ ಹಾಕಿ ಅರೆದು ಭರಣಿ ತುಂಬಿದರೆ ತಿಂಗಳುಗಟ್ಟಲೆ ಬಾಳುತ್ತದೆ.

ಕುಟ್ಟಲು ಕಲ್ಲು ಬೇಕಲ್ಲ. ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ಶಿಲ್ಪಿಯ ಉಳಿಗೆ ಒಲಿಯುವ ಆ ಕಲ್ಲು ಅಡುಗೆಮನೆಗೆ ಒಗ್ಗದು, ಅರೆದಂತೆ ಮರಳು ಉದುರುತ್ತದೆ. ಸ್ವಲ್ಪ ದೂರದ ಇಳಕಲ್ ಕಡೆಗೆ ಸರಿದರೆ ನೆಲವೇ ಬದಲಾಗುತ್ತದೆ. ಅಲ್ಲಿನ ನಸುಗೆಂಪು ಗ್ರಾನೈಟ್ ದೇಶವಿದೇಶಗಳಿಗೆ ಹೋಗುವ ಕಲ್ಲು. ಜನ ಇಳಕಲ್ಲನ್ನು ಸೀರೆಯಿಂದ ಬಲ್ಲರು. 2007ರ ಸುಮಾರಿಗೆ ಭೌಗೋಳಿಕ ಗುರುತು ಪಡೆದ ಆ ಸೀರೆಯದು ಬೇರೆಯೇ ಲೇಖನವಾಗಬೇಕು. ಅಡುಗೆಯವರಿಗೆ ಬೇಕಾದದ್ದು ಗಟ್ಟಿ ಕಲ್ಲಿನ ಸಣ್ಣ ಒಳ್ಳು, ಒಂದು ಹಿಡಿ ಬೆಳ್ಳುಳ್ಳಿ ಜಜ್ಜುವಷ್ಟು. ಕೊಳ್ಳುವಾಗ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಕನ್ನಡಿಯಂತೆ ನಯಗೊಳಿಸಿದ್ದಾದರೆ ಕಾಳು ಜಾರುತ್ತದೆ, ಸಣ್ಣ ಕಚ್ಚುಗಳು ಇರಬೇಕು. ಮೊದಲು ಎರಡು ಮೂರು ಸಲ ಅಕ್ಕಿ ಅರೆದು ಚೆಲ್ಲಬೇಕು ಎಂಬ ಸೂಚನೆಯನ್ನೂ ಒಂದು ಚೀಟಿಯಲ್ಲಿ ಬರೆದಿಡಿ.

ಇವೆಲ್ಲವೂ ಒಂದೇ ಕಡೆ ಸಿಗುವ ಜಾಗ ಬೇಕೆಂದರೆ ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಗೆ ಹೋಗಬೇಕು. ಬನದ ಹುಣ್ಣಿಮೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಬನಶಂಕರಿ ಎಂದರೆ ಶಾಕಂಬರಿ, ಬರದ ಕಾಲದಲ್ಲಿ ಕಾಯಿಪಲ್ಯ ಕೊಟ್ಟು ಕಾಪಾಡಿದ ತಾಯಿ ಎಂಬ ನಂಬಿಕೆ. ಜಾತ್ರೆಯ ಹೊತ್ತಿಗೆ ನಡೆಯುವ ಪಲ್ಯದ ಹಬ್ಬದಲ್ಲಿ ಆಕೆಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ. ಅಡುಗೆಯನ್ನು ಪ್ರೀತಿಸುವವರು ನೋಡಲೇಬೇಕಾದ ಹಬ್ಬ ನಾಡಿನಲ್ಲಿ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಗುಡಿಯ ಹೊಂಡದ ಸುತ್ತ ಬುಟ್ಟಿ ಹೊತ್ತ ಹೆಂಗಸರು “ಯಣ್ಣಾ, ರೊಟ್ಟಿ ತಗೋರಿ, ಗಟ್ಟಿ ಮೊಸರೈತ್ರಿ” ಎಂದು ಕರೆಯುತ್ತಾರೆ. ರೊಟ್ಟಿ, ಮುಳಗಾಯಿ ಪಲ್ಯ, ಕಾಳುಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಮೊಸರು. ಅಲ್ಲಿ ಕೂತು ಉಂಡು, ಆ ಅಕ್ಕನನ್ನೇ ಚಟ್ನಿಗೆ ಏನೇನು ಹಾಕುತ್ತೀರಿ ಎಂದು ಕೇಳಿ ಬರೆದುಕೊಳ್ಳಿ. ಅವರು ಬಚ್ಚಿಡುವವರಲ್ಲ. ಆದರೆ ಅವರ ರೊಟ್ಟಿಗೆ ಚೌಕಾಸಿ ಮಾಡಬೇಡಿ. ನಸುಕಿನಲ್ಲಿ ಎದ್ದು ಒಲೆಯ ಮುಂದೆ ಕೂತು ಬಡಿದ ರೊಟ್ಟಿಗೆ ನಾವು ಕೊಡುವುದು ಈಗಲೇ ಕಡಿಮೆ.

ಐಹೊಳೆಯದೇ ಆದ ಉಡುಗೊರೆ ಯಾವುದು? ನನ್ನ ಮನಸ್ಸಿನಲ್ಲಿರುವುದು ಒಂದು ಮಸಾಲೆ ಡಬ್ಬಿ. ಮೇಗುತಿ ಬಸದಿಯ ಕ್ರಿ.ಶ. 634ರ ರವಿಕೀರ್ತಿಯ ಶಾಸನಕ್ಕಾಗಿ ಈ ಊರು ಹೆಸರಾಗಿದೆ. ಅಷ್ಟೇ ದೊಡ್ಡ ಹೆಸರು ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ್ದು. ಅವರ ಶಾಸನಗಳು ತಾವು ಸಾಗಿಸುವ ಸರಕನ್ನು ಹೆಮ್ಮೆಯಿಂದ ಪಟ್ಟಿ ಮಾಡುತ್ತವೆ. ಆನೆ, ಕುದುರೆ, ಮುತ್ತು, ರತ್ನಗಳ ಜೊತೆ ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕೇಸರಿ. 1088ರಲ್ಲಿ ಸುಮಾತ್ರಾ ದ್ವೀಪದ ಬಾರುಸ್ ಎಂಬ ರೇವಿನ ಬಳಿ ನೆಟ್ಟ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಬಾರುಸ್ ಆ ಕಾಲದಲ್ಲಿ ಕರ್ಪೂರಕ್ಕೆ ಲೋಕಪ್ರಸಿದ್ಧ. ಮಲಪ್ರಭೆಯ ದಂಡೆಯ ಈ ಪುಟ್ಟ ಹಳ್ಳಿಯ ಹೆಸರು ಮಸಾಲೆಯ ಹಡಗುಗಳ ಜೊತೆ ಅಷ್ಟು ದೂರ ಹೋಗಿತ್ತು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮಲೆನಾಡಿನ ಏಲಕ್ಕಿ, ಲವಂಗ, ಒಂದು ಗ್ರಾಂ ಕೇಸರಿ, ಚಿಟಿಕೆ ಪಚ್ಚಕರ್ಪೂರ ಒಂದು ಹಿತ್ತಾಳೆಯ ಡಬ್ಬಿಯಲ್ಲಿಟ್ಟು, ಮೇಲೆ ಐನೂರ್ವರ ಕತೆ ನಾಲ್ಕು ಸಾಲಿನಲ್ಲಿ ಬರೆದು ಕೊಡಿ. ಪಚ್ಚಕರ್ಪೂರ ತಿನ್ನಲು ಯೋಗ್ಯವಾದದ್ದೇ ಎಂದು ಅಂಗಡಿಯಲ್ಲಿ ಖಚಿತಪಡಿಸಿಕೊಳ್ಳಿ. ಆರತಿಯ ಕರ್ಪೂರ ವಿಷ.

ಓದುವ ಚಟವೂ ಇರುವ ಅಡುಗೆಯವರಿಗೆ ಎರಡು ಹಳೆಯ ಕನ್ನಡ ಕೃತಿಗಳಿವೆ. ಕ್ರಿ.ಶ. 1025ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಪಾಕದ ಭಾಗವೇ ಇದೆ, ಉದ್ದಿನ ಇಡ್ಡಲಿಗೆಯ ವಿಧಾನ ಅಲ್ಲಿ ಸಿಗುತ್ತದೆ. ಹದಿನಾರನೆಯ ಶತಮಾನದ ಮೊದಲಿಗೆ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ ಪೂರ್ತಿ ಅಡುಗೆಯದೇ.

ಕಟ್ಟಿ ಕಳಿಸಲಾಗದ ಉಡುಗೊರೆಯೂ ಒಂದಿದೆ. ಎಳ್ಳ ಅಮಾವಾಸ್ಯೆ ಡಿಸೆಂಬರ್, ಜನವರಿಯ ಆಸುಪಾಸಿಗೆ ಬರುತ್ತದೆ. ಅಂದು ಇಲ್ಲಿನ ರೈತಮನೆಗಳು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುತ್ತವೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಜೋಳದ ಕಡುಬು. ಕೆಲವು ದಿನ ಕಳೆದರೆ ಹಸಿ ತೆನೆಯನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು ತಿಕ್ಕಿ ತೆಗೆದ ಸೀತನಿ. ಅದನ್ನು ಯಾವ ಡಬ್ಬಿಯೂ ಹಿಡಿಯದು, ಬಿಸಿ ಆರಿದರೆ ಮುಗಿಯಿತು. ನಿಮಗೆ ಈ ಸೀಮೆಯಲ್ಲಿ ಹೊಲವಿದ್ದರೆ, ಹೊಲವಿರುವ ನೆಂಟರಿದ್ದರೆ, ಅಡುಗೆಪ್ರಿಯ ಗೆಳೆಯರಿಗೆ ಈಗಲೇ ಫೋನ್ ಮಾಡಿ ರೈಲಿನ ಟಿಕೆಟ್ ತೆಗೆಸಿಬಿಡಿ. ಬಾದಾಮಿ, ಬಾಗಲಕೋಟೆ ಎರಡೂ ಕಡೆ ನಿಲ್ದಾಣವಿದೆ. ಬರುವಾಗ ಖಾಲಿ ಬುಟ್ಟಿಯೊಂದನ್ನು ತರಲು ಹೇಳಿ.